ಯಾಡಿ ತೊಳೆದ ಬಾಟಲಿ

ಫೆಬ್ರವರಿ ಕೊನೆಯ ವಾರ, ರಾತ್ರಿ ಎಂಟೂವರೆ ಇರಬೇಕು. ಹಾಸ್ಟೆಲ್ ಟೆರೇಸಿಗೆ ಹೋಗಿ ಮನೆಗೆ ಫೋನ್ ಮಾಡಿದೆ. ಯಾಡಿ ಎತ್ತಿದಳು. ಯಾಡಿ ಅಂದ್ರೆ ನಮ್ಮ ಲಂಬಾಣಿ ಮಾತಲ್ಲಿ ಅಮ್ಮ, ಬಾಪು ಅಂದ್ರೆ ಅಪ್ಪ. ಊಟ ಆಯ್ತಾ ಅಂತಲೂ ಕೇಳದೆ ನೇರವಾಗಿ ಹೇಳಿದೆ: "ನಾಳೆಯಿಂದ ಹೊಲದ ಬೋರಿನ ನೀರು ಕುಡೀಬೇಡಿ. ಅದರಲ್ಲಿ ಎಣ್ಣೆ ಇಳಿದೈತೆ."

ನಮ್ಮ ಕಡೆ ಬೆಳೆಗೆ ಹೊಡೆಯೋ ಕೀಟನಾಶಕಕ್ಕೆ ಎಣ್ಣೆ ಅಂತಾರೆ. ಇಲ್ಲಾಂದ್ರೆ ಔಷಧಿ ಅಂತಾರೆ. ವಿಷ ಅಂತ ಮಾತ್ರ ಯಾರೂ ಕರೆಯಲ್ಲ.

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಯಾಡಿ, "ಆಯ್ತು ಮಗಾ, ನೀನು ನೋಡಿದೀಯಲ್ಲ" ಅಂದಳು. ನೋಡಿದ್ದೆ ಅನ್ನೋದೇನೋ ನಿಜ. ಆದರೆ ಏನನ್ನ ನೋಡಿದ್ದೆ ಅನ್ನೋದು ಗೊತ್ತಾಗೋಕೆ ಇನ್ನೂ ಒಂಬತ್ತು ದಿನ ಬೇಕಾಯ್ತು. ಆ ಒಂಬತ್ತು ದಿನಗಳ ಕಥೆ ಇದು. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇದಕ್ಕೆ ಜಾಗ ಇರಲಿಲ್ಲ. ಕನ್ನಡ ಸಂಘದವರು ಏನಾದ್ರೂ ಬರೆದುಕೊಡು ಅಂದಾಗ ಇದೇ ಮೊದಲು ನೆನಪಾಗಿದ್ದು.

ನಮ್ಮ ತಾಂಡಾ ಇರೋದು ಸೂರಗೊಂಡನಕೊಪ್ಪದ ಹತ್ತಿರ. ಹೊನ್ನಾಳಿ ತಾಲ್ಲೂಕಿನಲ್ಲಿದ್ದ ಊರು ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದೆ. 1997ಕ್ಕೆ ಮುಂಚೆ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಈಗ ದಾವಣಗೆರೆ. ಅದಕ್ಕೇ ನಮ್ಮೂರಿನ ಹಿರಿಯರಿಗೆ ಆಸ್ಪತ್ರೆ ಅಂದ್ರೆ ಈಗಲೂ ಶಿವಮೊಗ್ಗ. ಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. 1739ರ ಫೆಬ್ರವರಿ 15 ಅವರ ಜನ್ಮದಿನ ಅಂತ ಪ್ರತಿವರ್ಷ ಜಾತ್ರೆ ನಡೆಯುತ್ತೆ. ಮಾಲೆ ಹಾಕಿಕೊಂಡವರು ಜಿಲ್ಲೆಜಿಲ್ಲೆಗಳಿಂದ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಬರ್ತಾರೆ. ಎಷ್ಟೋ ಜನ ನಡಕೊಂಡೇ ಬರ್ತಾರೆ. ನಮ್ಮ ಮನೆಯಲ್ಲಿ ಆ ಮೂರು ದಿನ ಯಾರು ನೆಂಟರು, ಯಾರು ಗುರುತಿಲ್ಲದವರು ಅಂತ ಲೆಕ್ಕ ಇರಲ್ಲ. ಬಂದವರಿಗೆಲ್ಲ ಮೊದಲು ಒಂದು ಚೊಂಬು ನೀರು.

ನೀರಿನ ವಿಷಯ ಬಂದ್ರೆ ನಮ್ಮ ಹಿರಿಯರು ತಪ್ಪದೆ ಹೇಳೋ ಮಾತೊಂದಿದೆ. ಮುಂದೊಂದು ಕಾಲಕ್ಕೆ ಒಂದು ಬಟ್ಟಲು ನೀರನ್ನೂ ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತೆ ಅಂತ ಸೇವಾಭಾಯಾ ಆಗಲೇ ಹೇಳಿದ್ದರಂತೆ. ದನಗಳ ಹಿಂಡು ಕಟ್ಟಿಕೊಂಡು ಊರೂರು ತಿರುಗಿದ ಜನಕ್ಕೆ ನೀರಿನ ಬೆಲೆ ಬೇರೆಯವರಿಗಿಂತ ಮೊದಲೇ ಗೊತ್ತಿರುತ್ತೆ. ಚಿಕ್ಕವನಿದ್ದಾಗ ನಾನು ಇದನ್ನ ಜಾತ್ರೆಯಲ್ಲಿ ಬಿಸ್ಲೇರಿ ಬಾಟಲಿ ಮಾರೋರ ಬಗ್ಗೆ ಹೇಳಿದ ಮಾತು ಅಂತಲೇ ತಿಳಿದಿದ್ದೆ.

ಇನ್ನು ಬಾಪು ಕಥೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ವಿಜ್ಞಾನಿಗಳು ಮೆಕ್ಕೆಜೋಳದ ಹೊಲದಲ್ಲಿ ಒಂದು ಹೊಸ ಹುಳ ಕಂಡರು. ಅಮೆರಿಕದಿಂದ ಆಫ್ರಿಕಾಕ್ಕೆ ಬಂದು, ಅಲ್ಲಿಂದ ಇಲ್ಲಿಗೆ ಬಂದಿದ್ದ ಫಾಲ್ ಸೈನಿಕ ಹುಳು. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು ನಮ್ಮ ಪಕ್ಕದಲ್ಲೇ. ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿನ್ನೋ ಹುಳ ಅದು, ಹೊರಗಿಂದ ಎಣ್ಣೆ ಹೊಡೆದ್ರೆ ಸುಲಭಕ್ಕೆ ಸಾಯಲ್ಲ. ಮುಂದಿನ ವರ್ಷ ನಮ್ಮ ಎರಡೆಕರೆಗೂ ಬಂತು. ಅಂಗಡಿಯವನು ಒಂದು ಡಬ್ಬಿ ಕೊಟ್ಟ, ಅದಕ್ಕೆ ಬಗ್ಗಲಿಲ್ಲ. ಇನ್ನೊಂದು ಕೊಟ್ಟ. ಬಾಪು ಬೆನ್ನಿಗೆ ಪಂಪ್ ಕಟ್ಟಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತಲೂ ನೋಡದೆ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಹೊಡೆದ. ನಾನಾಗ ಒಂಬತ್ತನೇ ಕ್ಲಾಸು.

ಸಂಜೆ ಶಾಲೆಯಿಂದ ಬಂದಾಗ ಬಾಪು ಕಟ್ಟೆ ಮೇಲೆ ಕೂತಿದ್ದ. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು ಸುರಿತಿತ್ತು. ವಾಂತಿ ಮಾಡ್ಕೊಂಡಿದ್ದ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಆಗಿತ್ತು. ಪಕ್ಕದ ಹೊಲದ ಕಾಕಾ ಓಡಿಬಂದು, ತನ್ನ ಬೈಕಿನಲ್ಲಿ ಬಾಪುನ ನಡುವೆ ಕೂರಿಸಿ, ಹಿಂದೆ ನನ್ನನ್ನ ಹಿಡ್ಕೊಳ್ಳೋಕೆ ಕೂರಿಸಿ, ಶಿವಮೊಗ್ಗಕ್ಕೆ ಓಡಿಸಿದ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಬಾಪು ಬದುಕಿದ. ಕಾಕಾ ಎರಡು ರಾತ್ರಿ ಆಸ್ಪತ್ರೆ ವರಾಂಡದಲ್ಲೇ ಮಲಗಿದ. ಈ ಕಾಕಾ ಕಥೆಯಲ್ಲಿ ಮತ್ತೆ ಬರ್ತಾನೆ, ನೆನಪಿಟ್ಟುಕೊಳ್ಳಿ.

ಅದು ಆರ್ಗನೋಫಾಸ್ಫೇಟ್ ಜಾತಿಯ ವಿಷ ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯೋದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ. ಸುದ್ದಿ ಮುಟ್ಟಿದ ಕೂಡಲೇ ಅದನ್ನ ಕತ್ತರಿಸಿ ಹಾಕೋಕೆ ಒಂದು ಕಿಣ್ವ ಇದೆ, ಅಸಿಟೈಲ್‌ಕೋಲಿನ್‌ಎಸ್ಟರೇಸ್. ಈ ವಿಷ ಹೋಗಿ ಆ ಕಿಣ್ವವನ್ನೇ ಕಟ್ಟಿಹಾಕುತ್ತೆ. ಆಮೇಲೆ ಸುದ್ದಿ ನಿಲ್ಲೋದೇ ಇಲ್ಲ. ಬೆವರು, ಜೊಲ್ಲು, ಕಣ್ಣೀರು ಎಲ್ಲ ಸುರೀತಾನೇ ಇರುತ್ತೆ. ಯುದ್ಧದಲ್ಲಿ ಬಳಸಿದ ಸಾರಿನ್ ಅನಿಲವೂ ಇದೇ ಕುಟುಂಬದ್ದು. ಪುಸ್ತಕದಲ್ಲಿ ಆ ಪುಟ ಓದುವಾಗ ಕ್ಲಾಸಿನಲ್ಲಿ ಎಲ್ಲರೂ ಪರೀಕ್ಷೆಗೆ ಮುಖ್ಯವಾದ ಸಾಲಿಗೆ ಗೆರೆ ಎಳೀತಿದ್ದರು. ನಾನು ಬಾಪು ಕೂತಿದ್ದ ಕಟ್ಟೆ ನೋಡ್ತಿದ್ದೆ.

ಹಾಗಾಗಿ ಏಳನೇ ಸೆಮ್‌ನಲ್ಲಿ ನಮ್ಮ ಗೈಡ್ ಮೇಡಂ ಪ್ರಾಜೆಕ್ಟ್ ವಿಷಯಗಳ ಪಟ್ಟಿ ಓದುವಾಗ, "ಲಿಕ್ವಿಡ್ ಕ್ರಿಸ್ಟಲ್ ಬಳಸಿ ನೀರಿನಲ್ಲಿ ಮಾಲಿನ್ಯ ಪತ್ತೆ" ಅಂದಿದ್ದೇ ತಡ, ನಾನು ಕೈ ಎತ್ತಿದೆ. ಪಾರ್ಟ್ನರ್‌ನ ಕೇಳಲೂ ಇಲ್ಲ. ಅವನಿಗೆ ಆಪ್ ಮಾಡೋ ಪ್ರಾಜೆಕ್ಟ್ ಬೇಕಿತ್ತು. ಒಂದು ವಾರ ನನ್ನ ಜೊತೆ ಮಾತಾಡಿರಲಿಲ್ಲ.

ಲಿಕ್ವಿಡ್ ಕ್ರಿಸ್ಟಲ್ ಅಂದ್ರೆ ನಮಗೆಲ್ಲ ಗೊತ್ತಿರೋದು ಕ್ಯಾಲ್ಕುಲೇಟರ್ ಪರದೆ, ಟಿವಿ. ಕನ್ನಡದಲ್ಲಿ ದ್ರವಸ್ಫಟಿಕ ಅಂತಾರೆ. 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯಶಾಸ್ತ್ರಜ್ಞ ಫ್ರೆಡ್ರಿಕ್ ರೈನಿಟ್ಜರ್ ಕೊಲೆಸ್ಟೆರಿಲ್ ಬೆಂಜೋಯೇಟ್ ಅನ್ನೋ ವಸ್ತು ಕಾಯಿಸಿದಾಗ ಅದು ಎರಡು ಸಲ ಕರಗಿತು. 145.5 ಡಿಗ್ರಿಗೆ ಕರಗಿ ಮಜ್ಜಿಗೆಯ ಹಾಗೆ ಮಸುಕಾಯ್ತು, 178.5 ಡಿಗ್ರಿಗೆ ತಿಳಿಯಾಯ್ತು. ನಡುವಿನ ಆ ಮಸುಕು ಸ್ಥಿತಿ ಹರಿಯುತ್ತೆ, ಆದರೆ ಬೆಳಕಿನ ಜೊತೆ ಹರಳಿನ ಹಾಗೆ ನಡ್ಕೊಳ್ಳುತ್ತೆ.

ಇದು ನನಗೆ ಅರ್ಥ ಆಗಿದ್ದು ಕೊಪ್ಪದ ದಾರಿಯಿಂದ. ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳನ್ನ ನೆನೆಸಿಕೊಳ್ಳಿ. ಎಲ್ಲರ ಮುಖ ಒಂದೇ ಕಡೆ, ಎಲ್ಲರಿಗೂ ಅವರವರ ಜಾಗ. ಅದು ಹರಳು. ಜಾತ್ರೆಯಲ್ಲಿ ಬಳೆ ಅಂಗಡಿ ಮುಂದಿನ ಜನ ನೆನೆಸಿಕೊಳ್ಳಿ. ಮುಖ ಎತ್ತಲೋ, ಜಾಗ ಎಲ್ಲೋ. ಅದು ದ್ರವ. ಈಗ ಮಾಲೆ ಹಾಕಿಕೊಂಡು ಕೊಪ್ಪಕ್ಕೆ ನಡೆದು ಬರೋ ಜನ. ಸಾಲಿಲ್ಲ, ಒಬ್ಬರು ಹಿಂದೆ ಬೀಳ್ತಾರೆ, ಒಬ್ಬರು ಮುಂದೆ ಹೋಗ್ತಾರೆ. ಆದರೆ ಎಲ್ಲರ ಮುಖವೂ ಕೊಪ್ಪದ ಕಡೆಗೇ. ನೆಮ್ಯಾಟಿಕ್ ಸ್ಥಿತಿ ಅಂದ್ರೆ ಇದೇ. ಕಡ್ಡಿಯಂಥ ಅಣುಗಳು ಜಾಗ ಬದಲಾಯಿಸ್ತಾ ಇರ್ತವೆ, ದಿಕ್ಕು ಮಾತ್ರ ಬಿಡಲ್ಲ.

ದಾರಿಯ ತಿರುವಿನಲ್ಲಿ ಒಬ್ಬ ಪೊಲೀಸ್ ನಿಂತು ಕೈ ಅಡ್ಡ ಹಿಡಿದರೆ ಏನಾಗುತ್ತೆ? ಅವನ ಹತ್ತಿರ ಇದ್ದ ನಾಲ್ಕು ಜನ ತಿರುಗ್ತಾರೆ. ಅವರನ್ನ ನೋಡಿ ಹಿಂದಿನವರು, ಅವರ ಹಿಂದಿನವರು. ಪೊಲೀಸ್‌ನ ಮುಖವನ್ನೇ ನೋಡದ ಸಾವಿರಾರು ಜನ ತಿರುಗಿರ್ತಾರೆ. ಲಿಕ್ವಿಡ್ ಕ್ರಿಸ್ಟಲ್ ಸೆನ್ಸರಿನ ಗುಟ್ಟೆಲ್ಲ ಇಲ್ಲಿದೆ. ಮೇಲ್ಮೈ ಮೇಲೆ ಒಂದೇ ಅಣುವಿನಷ್ಟು ತೆಳುವಾಗಿ ಏನೋ ಬಂದು ಕೂತರೂ ಸಾಕು, ಅದಕ್ಕೆ ತಾಗಿದ ಅಣುಗಳು ದಿಕ್ಕು ಬದಲಾಯಿಸ್ತವೆ, ಒಳಗಿನ ಸಾವಿರಾರು ಪದರ ಅದನ್ನ ಹಿಂಬಾಲಿಸ್ತವೆ. ನಾವು ಬಳಸಿದ 5ಸಿಬಿ ಅನ್ನೋ ವಸ್ತುವಿನ ಅಣು ಸುಮಾರು 2 ನ್ಯಾನೋಮೀಟರ್ ಉದ್ದ. ನಮ್ಮ ಪದರ ಸುಮಾರು 20 ಮೈಕ್ರೋಮೀಟರ್ ದಪ್ಪ. ಅಂದ್ರೆ ಒಂದರ ಮೇಲೊಂದು 10,000 ಅಣು. ಮೇಲಿನ ಒಂದು ಪದರದ ಸುದ್ದಿ ಹತ್ತು ಸಾವಿರ ಪಟ್ಟು ದೊಡ್ಡದಾಗಿ ಕಣ್ಣಿಗೆ ಬೀಳುತ್ತೆ. ಕರೆಂಟ್ ಬೇಡ, ಬ್ಯಾಟರಿ ಬೇಡ.

ಈ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ ಅಂತ ಪ್ರಾಜೆಕ್ಟ್ ಶುರು ಮಾಡೋ ತನಕ ನನಗೆ ಗೊತ್ತಿರಲಿಲ್ಲ. ಸಿ. ವಿ. ರಾಮನ್ ಅವರ ಸೋದರಳಿಯ ಶಿವರಾಮಕೃಷ್ಣ ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದು ಈ ಸಂಶೋಧನೆ ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಅವರು, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಸೇರಿ, ಕಡ್ಡಿಯ ಹಾಗಲ್ಲದೆ ತಟ್ಟೆಯ ಹಾಗಿರೋ ಅಣುಗಳೂ ದ್ರವಸ್ಫಟಿಕ ಆಗ್ತವೆ ಅಂತ ತೋರಿಸಿದರು. ಪ್ರಕಟಿಸಿದ್ದು ನಮ್ಮದೇ 'ಪ್ರಮಾಣ' ಪತ್ರಿಕೆಯಲ್ಲಿ. 1991ರಲ್ಲಿ ಜಾಲಹಳ್ಳಿಯಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ಕಟ್ಟಿದರು. ಅದೇ ಈಗ ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್.

ಸೆನ್ಸರಿನ ದಾರಿ ತೋರಿಸಿದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ನಿಕೊಲಸ್ ಆಬಟ್ ಅವರ ಗುಂಪು. 2001ರಲ್ಲಿ ರಾಹುಲ್ ಶಾ ಮತ್ತು ಆಬಟ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ತಾಮ್ರದ ಅಯಾನು ಇರೋ ಮೇಲ್ಮೈಗೆ ಲಿಕ್ವಿಡ್ ಕ್ರಿಸ್ಟಲ್ ಅಣು ತನ್ನ ಒಂದು ತುದಿಯಿಂದ ಅಂಟಿಕೊಂಡು ನಿಂತಿರುತ್ತೆ. ಆರ್ಗನೋಫಾಸ್ಫೇಟ್ ಆವಿ ಬಂದ್ರೆ ಅದು ತಾಮ್ರದ ಜೊತೆ ಇನ್ನೂ ಗಟ್ಟಿಯಾಗಿ ಕೂಡಿಕೊಂಡು ಇದನ್ನ ಪಕ್ಕಕ್ಕೆ ತಳ್ಳುತ್ತೆ. ಅಣುಗಳ ದಿಕ್ಕು ಬದಲಾಗುತ್ತೆ, ಬಣ್ಣ ಬದಲಾಗುತ್ತೆ. ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಸಿಗುತ್ತೆ. ಆ ಲೇಖನ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಬಾಪು ಅಂಗಿ ಜೇಬಿಗೆ ಅಂಥದ್ದೊಂದು ಚೀಟಿ ಅಂಟಿಸಿದ್ದರೆ ಅಂತ ಯೋಚನೆ.

ನೀರಿನಲ್ಲಿ ನೋಡೋಕೆ ಇನ್ನೊಂದು ವಿಧಾನ. ಗಾಜಿನ ಮೇಲೆ ಡಿಎಂಒಎಪಿ ಲೇಪಿಸಬೇಕು, ಆಗ ಕೆಳಗಿನ ಅಣುಗಳು ನೆಟ್ಟಗೆ ನಿಲ್ತವೆ. ಅದರ ಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬಳಸೋ ಪುಟ್ಟ ತಾಮ್ರದ ಜಾಲರಿ. ಜಾಲರಿಯ ಕಣ್ಣುಗಳಿಗೆ 5ಸಿಬಿ ತುಂಬಿ, ನೀರಿನಲ್ಲಿ ಮುಳುಗಿಸಬೇಕು. ಶುದ್ಧ ನೀರಾದರೆ ನೀರಿಗೆ ತಾಗಿದ ಅಣುಗಳು ಮಲಗ್ತವೆ. ಅಡ್ಡ ಇಟ್ಟ ಎರಡು ಪೋಲರೈಸರ್ ನಡುವೆ ನೋಡಿದರೆ ಜಾಲರಿ ಬಣ್ಣಬಣ್ಣವಾಗಿ ಹೊಳೆಯುತ್ತೆ, ಯಾಡಿಯ ಮದುವೆಯ ಫೇಟಿಯಾದ ಕನ್ನಡಿ ಚೂರುಗಳ ಹಾಗೆ. ನೀರಿನಲ್ಲಿ ಒಂದು ಕಡೆ ನೀರಿಗೆ, ಇನ್ನೊಂದು ಕಡೆ ಜಿಡ್ಡಿಗೆ ಅಂಟೋ ಅಣುಗಳಿದ್ದರೆ ಅವು ಆ ಗಡಿಯಲ್ಲಿ ಸಾಲುಗಟ್ಟಿ ನಿಲ್ತವೆ, ಲಿಕ್ವಿಡ್ ಕ್ರಿಸ್ಟಲ್ ಅಣುಗಳನ್ನೂ ಎಬ್ಬಿಸಿ ನಿಲ್ಲಿಸ್ತವೆ. ಆಗ ಜಾಲರಿ ಕಪ್ಪಾಗುತ್ತೆ.

ಕೀಟನಾಶಕ ಹಿಡಿಯೋಕೆ ಇದಕ್ಕೆ ಆ ಕಿಣ್ವವನ್ನೇ ಸೇರಿಸಬೇಕು. ಮಿರಿಸ್ಟಾಯ್ಲ್‌ಕೋಲಿನ್ ಅನ್ನೋ ಅಣು ಗಡಿಯಲ್ಲಿ ನಿಂತು ಕಪ್ಪು ಮಾಡುತ್ತೆ. ಕಿಣ್ವ ಅದನ್ನ ಕತ್ತರಿಸಿದರೆ ಮತ್ತೆ ಬೆಳಕು. ಕೀಟನಾಶಕ ಇದ್ದರೆ ಕಿಣ್ವ ಕಟ್ಟಿಬಿದ್ದಿರುತ್ತೆ, ಕತ್ತರಿಸೋಕಾಗಲ್ಲ, ಕಪ್ಪು ಕಪ್ಪಾಗೇ ಉಳಿಯುತ್ತೆ. ಬಾಪು ಮೈಯಲ್ಲಿ ನಡೆದದ್ದೇ ಒಂದು ಗಾಜಿನ ಚೂರಿನ ಮೇಲೆ ನಡೆಯುತ್ತೆ. ಆದರೆ ಕಿಣ್ವದ ಬೆಲೆ ಕೇಳಿ ಮೇಡಂ ನಕ್ಕರು. "ಮೊದಲು ಕಿಣ್ವ ಇಲ್ಲದೆ ಜಾಲರಿ ಸರಿಯಾಗಿ ಹೊಳೆಯೋ ಹಾಗೆ ಮಾಡ್ರಪ್ಪ" ಅಂದರು.

ಪೋಲರೈಸಿಂಗ್ ಮೈಕ್ರೋಸ್ಕೋಪ್ ಸಿಕ್ಕಿದ್ದು ಸಿವಿಲ್‌ನವರ ಜಿಯಾಲಜಿ ಲ್ಯಾಬಿನಲ್ಲಿ, ಕಲ್ಲಿನ ತೆಳು ಹೋಳುಗಳನ್ನ ನೋಡೋಕೆ ಇಟ್ಟಿದ್ದು. ಮೊದಲ ಯಶಸ್ಸು ಬಂದ ದಿನವೇ ಮೊದಲ ಪೆಟ್ಟೂ ಬಿತ್ತು. ಬೆಳಗ್ಗೆ ಹೊಳೆದ ಜಾಲರಿ ಮಧ್ಯಾಹ್ನ ಎರಡು ಗಂಟೆಗೆ ಪೂರ್ತಿ ಕಪ್ಪು. ಡಿಸ್ಟಿಲ್ಡ್ ವಾಟರ್ ಕೆಟ್ಟಿದೆಯಾ ಅಂತ ಎರಡು ಕ್ಯಾನ್ ಬದಲಾಯಿಸಿದೆವು. ಕೊನೆಗೆ ಪಾರ್ಟ್ನರ್ ಹಣೆ ಒರೆಸಿಕೊಳ್ತಾ, "ಲೋ, 5ಸಿಬಿ ನೆಮ್ಯಾಟಿಕ್ ಆಗಿರೋದು 24ರಿಂದ 35 ಡಿಗ್ರಿ ತನಕ ಅಲ್ವೇನೋ?" ಅಂದ. ಮೈಕ್ರೋಸ್ಕೋಪಿನ ದೀಪದ ಬಿಸಿ, ಮೇಲಿನ ಶೀಟ್ ಬಿಸಿ ಸೇರಿ ಅದು 35 ದಾಟಿ ಬರೀ ದ್ರವವಾಗಿತ್ತು. ಕೊಪ್ಪಕ್ಕೆ ಹೊರಟ ಜನ ಬಳೆ ಅಂಗಡಿ ಮುಂದೆ ಚದುರಿದ ಹಾಗೆ. ಕಪ್ಪಾಗೋಕೆ ಒಂದಕ್ಕಿಂತ ಹೆಚ್ಚು ಕಾರಣ ಇರ್ತವೆ ಅಂತ ಆವತ್ತೇ ಪಾಠ ಆಗಿತ್ತು. ನೋಟ್‌ಬುಕ್‌ನಲ್ಲಿ ಬರೆದೂ ಇಟ್ಟಿದ್ದೆ. ತಲೆಗೆ ಇಳಿದಿರಲಿಲ್ಲ.

ಜಾತ್ರೆಗೆ ಊರಿಗೆ ಹೋದಾಗ ನೀರು ತರೋಣ ಅಂದ್ಕೊಂಡೆ. ಮೊದಲು ಹೊಲದ ಬೋರು. ಅದರ ಪಕ್ಕದಲ್ಲೇ ನಾವೂ ಕಾಕಾನೂ ವರ್ಷಗಟ್ಟಲೆ ಪಂಪ್ ತೊಳೆದಿದ್ದೀವಿ. ಎರಡನೇದು ತಾಂಡಾದ ಟ್ಯಾಂಕು, ಮೂರನೇದು ಹಳ್ಳ. ಸಣ್ಣ ಕೂಲ್‌ಡ್ರಿಂಕ್ ಬಾಟಲಿ ಮೂರು ಬೇಕು ಅಂದೆ. ಯಾಡಿ ಜಾತ್ರೆಯಲ್ಲಿ ಬಿದ್ದಿದ್ದನ್ನ ಆರಿಸಿ ತಂದು ತೊಳೆದು, ಬಿಸಿಲಿಗೆ ಬೋರಲು ಹಾಕಿಟ್ಟಿದ್ದಳು. ಬೋರಿನ ನೀರು ಹಿಡಿದೆ, ಟ್ಯಾಂಕಿನ ನೀರು ಹಿಡಿದೆ. ಹಳ್ಳ ಒಣಗಿತ್ತು. ಮೂರನೇ ಬಾಟಲಿ ಖಾಲಿಯಾಗಿಯೇ ಬ್ಯಾಗಿನಲ್ಲಿ ಬಂತು.

ಲ್ಯಾಬಿನಲ್ಲಿ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿದೆ. ಹೊಳೆಯಿತು. ಥರ್ಮಾಮೀಟರ್ 28 ಡಿಗ್ರಿ ತೋರಿಸ್ತಿತ್ತು. ಬೋರಿನ ನೀರು ಹಾಕಿದೆ. ಅಂಚಿನಿಂದ ಶುರುವಾಗಿ ಒಂದೊಂದೇ ಕಣ್ಣು ಆರಿತು. ಸ್ವಲ್ಪ ಹೊತ್ತಿಗೆ ಪೂರ್ತಿ ಕಪ್ಪು. ಎರಡು ಸಲ ಮಾಡಿದೆ, ಎರಡು ಸಲವೂ ಕಪ್ಪು. ಟ್ಯಾಂಕಿನ ನೀರು ನೋಡುವಷ್ಟರಲ್ಲಿ ಲ್ಯಾಬ್ ಬಾಗಿಲು ಹಾಕೋ ಹೊತ್ತಾಯ್ತು. ಪಾರ್ಟ್ನರ್ ಅವತ್ತು ಬಂದಿರಲಿಲ್ಲ, ಮೇಡಂ ಎಕ್ಸಾಮ್ ಡ್ಯೂಟಿಗೆ ಹೋಗಿದ್ದರು. ನಾನು ಟೆರೇಸಿಗೆ ಹೋಗಿ ಫೋನ್ ಮಾಡಿದೆ.

ಮೇಡಂ ವಾಪಸ್ ಬಂದಿದ್ದು ಒಂಬತ್ತನೇ ದಿನ. ಫೋಟೋ ತೋರಿಸಿದೆ. ಅವರು ಹೊಗಳ್ತಾರೆ ಅಂತ ಕಾಯ್ತಾ ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: "ಊರಿಂದ ನೀರು ಮಾತ್ರ ಬಂತಾ, ಬಾಟಲಿ ಬರಲಿಲ್ವಾ?"

ನನಗೆ ಅರ್ಥ ಆಗಲಿಲ್ಲ. "ಬ್ಲಾಂಕ್ ಎಲ್ಲಿ?" ಅಂದರು. ಖಾಲಿ ಬಾಟಲಿ ಬ್ಯಾಗಿನಲ್ಲೇ ಇತ್ತು. ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿದೆ. ಮೇಲೆ ತೆಳ್ಳಗೆ ಒಂದು ಸುತ್ತು ನೊರೆ ಬಂತು. ಆ ನೊರೆ ನೋಡಿದ ಕೂಡಲೇ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯ್ತು. ಜಾಲರಿಗೆ ಹಾಕಿದೆ. ಕಪ್ಪಾಯ್ತು.

ಯಾಡಿಗೆ ಫೋನ್ ಮಾಡಿ, "ಬಾಟಲಿ ಯಾವುದರಲ್ಲಿ ತೊಳೆದಿದ್ದೆ?" ಅಂದೆ. "ಬಟ್ಟೆ ಪುಡಿ ಹಾಕಿ ಚೆನ್ನಾಗಿ ಉಜ್ಜಿದ್ದೆ ಮಗಾ. ಕಾಲೇಜಿಗೆ ಹೋಗೋ ಬಾಟಲಿ ಅಲ್ವಾ, ವಾಸನೆ ಬರಬಾರದು ಅಂತ ಜಾಸ್ತಿನೇ ಹಾಕಿದ್ದೆ" ಅಂದಳು. "ಎಷ್ಟು ಸಲ ನೀರು ಹಾಕಿ ಕಳೆದೆ?" "ಒಂದ್ಸಲ. ಜಾತ್ರೆ ದಿನ ನೀರೆಲ್ಲಿತ್ತು, ಬಂದವರಿಗೆ ಕುಡಿಯೋಕೇ ಸಾಲ್ತಿರಲಿಲ್ಲ."

ಬಟ್ಟೆ ಪುಡಿಯಲ್ಲಿ ಇರೋ ಲೀನಿಯರ್ ಆಲ್ಕೈಲ್‌ಬೆಂಜೀನ್ ಸಲ್ಫೋನೇಟ್ ನಾನು ಮೇಲೆ ಹೇಳಿದ ಜಾತಿಯದೇ, ಒಂದು ತುದಿ ನೀರಿಗೆ, ಒಂದು ತುದಿ ಜಿಡ್ಡಿಗೆ. ನಮ್ಮ ಸೆನ್ಸರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಗಡಿಯಲ್ಲಿ ಯಾರೋ ನಿಂತಿದ್ದಾರೆ ಅಂತ ಹೇಳಿತ್ತು. ಯಾರು ಅಂತ ಅದು ಹೇಳಿರಲಿಲ್ಲ. ಆ ಹೆಸರು ಸೇರಿಸಿದ್ದು ನಾನು. ಏಳು ವರ್ಷದಿಂದ ನನ್ನ ತಲೆಯಲ್ಲಿದ್ದ ಹೆಸರು ಅದು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಫೋನ್ ಇಡೋ ಮುಂಚೆ ಯಾಡಿ ಹೇಳಿದ್ದು ಕೇಳಿ. ಒಂಬತ್ತು ದಿನದಿಂದ ಅವಳು ಮುಕ್ಕಾಲು ಮೈಲಿ ದೂರದ ಶಾಲೆ ನಲ್ಲಿಯಿಂದ ಎರಡೆರಡು ಕೊಡ ಹೊತ್ತು ತರ್ತಿದ್ದಳು. ಪಕ್ಕದ ಮನೆಯವರು ಯಾಕೆ ಅಂತ ಕೇಳಿದ್ದರು. "ನನ್ನ ಮಗ ಮಿಷನ್ನಲ್ಲಿ ನೋಡಿದಾನೆ, ಬೋರಿಗೆ ಎಣ್ಣೆ ಇಳಿದೈತಂತೆ" ಅಂದಿದ್ದಳು. ಮಾತು ತಾಂಡಾ ಪೂರ್ತಿ ಹಬ್ಬಿತ್ತು. ಬೋರಿನ ಮೇಲ್ಗಡೆ ಇರೋದು ಕಾಕಾನ ಹೊಲ. ಅವನೇ ಜಾಸ್ತಿ ಎಣ್ಣೆ ಹೊಡೆದು ನೀರು ಕೆಡಿಸಿದ ಅಂತ ಜನ ಆಡಿಕೊಂಡಿದ್ದರು. ಅವನ ಹೆಂಡತಿ ನಮ್ಮ ಮನೆ ಮುಂದೆ ಬರೋದನ್ನೇ ಬಿಟ್ಟಿದ್ದಳು. ಬಾಪುನ ಬೈಕಿನ ಮೇಲೆ ಎತ್ತಿಕೊಂಡು ಹೋಗಿದ್ದ ಕಾಕಾ!

ಶನಿವಾರ ಊರಿಗೆ ಬಸ್ ಹತ್ತಿದೆ. ಫೋನಿನಲ್ಲಿ ಹೇಳಿದ್ದು ಫೋನಿನಲ್ಲೇ ತೊಳೆದು ಹೋಗಲ್ಲ ಅಂತ ಬಾಪುನೇ ಹೇಳಿದ್ದ. ಸಂಜೆ ನಾಯಕರ ಮನೆ ಕಟ್ಟೆ ಹತ್ತಿರ ಹತ್ತಿಪ್ಪತ್ತು ಜನ ಸೇರಿದ್ದರು. ನಾನು ಆ ಖಾಲಿ ಬಾಟಲಿ ತಗೊಂಡು ಹೋಗಿದ್ದೆ. ಒಳ್ಳೆ ನೀರು ಹಾಕಿ ಕುಲುಕಿ ನೊರೆ ತೋರಿಸಿದೆ. "ನನ್ನ ಮಿಷನ್ ನೋಡಿದ್ದು ಇದನ್ನ. ಎಣ್ಣೆ ಅಲ್ಲ, ಸೋಪು. ಬಾಟಲಿ ಸರಿಯಾಗಿ ನೋಡದೆ ಹೇಳಿದ್ದು ನನ್ನ ತಪ್ಪು. ಕಾಕಾನ ತಪ್ಪಲ್ಲ, ಯಾಡಿ ತಪ್ಪೂ ಅಲ್ಲ" ಅಂದೆ. ಕಿವಿ ಬಿಸಿಯಾಗಿತ್ತು. ಸೆಮಿನಾರ್ ಹಾಲಿನಲ್ಲಿ ಎಷ್ಟು ಸಲ ಪಿಪಿಟಿ ಕೊಟ್ಟಿದ್ದೀನೋ, ಇಷ್ಟು ಕಷ್ಟದ್ದು ಯಾವುದೂ ಇರಲಿಲ್ಲ.

ಒಬ್ಬಜ್ಜ, "ಹಂಗಾದ್ರೆ ಬೋರಿನ ನೀರು ಚಲೋ ಐತೆ ಅನ್ನು" ಅಂದರು. ಅದು ನಿಜವಾದ ಕಷ್ಟದ ಪ್ರಶ್ನೆ. "ಅದೂ ಗೊತ್ತಿಲ್ಲಜ್ಜಾ" ಅಂದೆ. ಕೆಲವರು ನಕ್ಕರು. ಇಷ್ಟು ಓದಿ ಎರಡೂ ಗೊತ್ತಿಲ್ವಾ ಅಂತ. ಕಾಕಾ ನಗಲಿಲ್ಲ. ಎದ್ದು ಬಂದು ಬಾಟಲಿ ಕೈಗೆ ತಗೊಂಡು ತಿರುಗಿಸಿ ನೋಡಿ, "ಗೊತ್ತಾಗಬೇಕು ಅಂದ್ರೆ ಏನು ಮಾಡಬೇಕು?" ಅಂದ.

ಮರುದಿನ ಬೆಳಗ್ಗೆ ನಾವಿಬ್ಬರೂ ಬೋರಿನ ಹತ್ತಿರ ಹೋದೆವು. ಲ್ಯಾಬಿನಿಂದ ಗಾಜಿನ ಬಾಟಲಿ ತಂದಿದ್ದೆ. ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹರಿಯೋಕೆ ಬಿಟ್ಟೆವು. ಬಾಟಲಿಯನ್ನ ಅದೇ ನೀರಿನಲ್ಲಿ ಮೂರು ಸಲ ಕಳೆದು, ನಾಲ್ಕನೇ ಸಲ ತುಂಬಿ, ಕೈ ಒಳಗೆ ತಾಗದ ಹಾಗೆ ಮುಚ್ಚಿದೆವು. ಜೊತೆಗೆ ಲ್ಯಾಬಿನಿಂದಲೇ ಡಿಸ್ಟಿಲ್ಡ್ ವಾಟರ್ ತುಂಬಿ ತಂದಿದ್ದ ಇನ್ನೊಂದು ಬಾಟಲಿಯನ್ನ ಅಲ್ಲೇ ಒಂದು ಸಲ ತೆರೆದು ಮುಚ್ಚಿದೆ. ಅದು ಊರು ನೋಡಿಕೊಂಡು ಸುಮ್ಮನೆ ವಾಪಸ್ ಬರೋ ಬಾಟಲಿ, ಫೀಲ್ಡ್ ಬ್ಲಾಂಕ್. ಬರೀ ನೀರು ಯಾಕೆ ಹೊತ್ಕೊಂಡು ಬಂದು ಹೊತ್ಕೊಂಡು ಹೋಗ್ತೀಯ ಅಂದ ಕಾಕಾ. "ಸಾಕ್ಷಿಗೆ" ಅಂದೆ. ಅವನಿಗೆ ತಕ್ಷಣ ಅರ್ಥ ಆಯ್ತು.

ಈ ಸಲ ಎರಡೂ ಹೊಳೆದವು. ಬೋರಿನ ನೀರಿನಲ್ಲಿ ಸೋಪಿನಂಥದ್ದು ಇಲ್ಲ ಅಂತ ಅಷ್ಟೇ ಅದರರ್ಥ. ಕೀಟನಾಶಕದ ವಿಷಯ ಬೇರೆ. ನಮ್ಮ ದೇಶದ ಕುಡಿಯೋ ನೀರಿನ ಮಾನಕ ಐಎಸ್ 10500 ಪ್ರಕಾರ ಮೊನೊಕ್ರೊಟೊಫಾಸ್ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು, ಕ್ಲೋರ್‌ಪೈರಿಫಾಸ್ 30 ಮೈಕ್ರೋಗ್ರಾಂ. ಕಿಣ್ವ ಇಲ್ಲದ ನಮ್ಮ ಜಾಲರಿಗೆ ಅಷ್ಟು ಸಣ್ಣ ಪ್ರಮಾಣ ಕಾಣೋದೇ ಇಲ್ಲ. ಹಾಗಾಗಿ ಪ್ರಾಜೆಕ್ಟ್ ದುಡ್ಡಿನ ಜೊತೆ ನಮ್ಮ ಕೈಯದೂ ಸೇರಿಸಿ, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರೋ ಒಂದು ಲ್ಯಾಬಿಗೆ ಬಾಟಲಿ ಕಳಿಸಿದೆವು. ರಿಪೋರ್ಟ್ ಬಂತು: ನೋಡಿದ ಕೀಟನಾಶಕಗಳೆಲ್ಲ ಪತ್ತೆ ಮಿತಿಗಿಂತ ಕೆಳಗೆ. ಕಾಕಾನಿಗೆ ಮೊದಲು ಫೋನ್ ಮಾಡಿದೆ, ಆಮೇಲೆ ಮನೆಗೆ. ಇದು ಬೇಸಿಗೆಯ ನೀರು, ಎಣ್ಣೆ ಹೊಡೆಯೋದು ಮುಂಗಾರಿನಲ್ಲಿ, ಹುಳ ಸುಳಿಗೆ ಬಿದ್ದಾಗ. ಆಗ ಇನ್ನೊಂದು ಸಲ ನೋಡಬೇಕು ಅಂತಲೂ ಹೇಳಿದೆ. "ನೋಡೋಣ ಬಾ" ಅಂದ.

ಅಷ್ಟರಲ್ಲಿ ಅವರೇ ಒಂದು ಕೆಲಸ ಮಾಡಿದ್ದರು. ಪಂಪ್ ತೊಳೆಯೋ ಜಾಗವನ್ನ ಬೋರಿನ ಹತ್ತಿರದಿಂದ ಹೊಲದ ಆ ತುದಿಗೆ ಬದಲಾಯಿಸಿದ್ದರು. ಯಾವ ಸೆನ್ಸರೂ ಹೇಳದೆ ಮಾಡಬಹುದಾಗಿದ್ದ ಕೆಲಸ ಅದು. ನಾನು ಆರ್ಗನೋಫಾಸ್ಫೇಟ್ ಬಗ್ಗೆ ಅಷ್ಟೆಲ್ಲ ಓದಿದ್ದೆ, ಇದು ಮಾತ್ರ ಹೊಳೆದಿರಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್, "ನಿಮ್ಮ ಸೆನ್ಸರ್ ಕೊನೆಗೆ ಪತ್ತೆ ಮಾಡಿದ್ದೇನು?" ಅಂತ ಕೇಳಿದರು. ಪಾರ್ಟ್ನರ್ ನನ್ನ ಮುಖ ನೋಡಿದ. "ಸೋಪು ಸಾರ್" ಅಂದೆ. ಅವರು ಮುಂದಿನ ಪುಟ ತಿರುಗಿಸಿದರು.

ಸ್ನೇಹಿತರೇ, ನಿಮ್ಮಲ್ಲೂ ಯಾರಾದ್ರೂ ಊರಿನ ನೀರು, ಊರಿನ ಮಣ್ಣು ತಂದು ಪ್ರಾಜೆಕ್ಟ್ ಮಾಡೋರಿದ್ದೀರಿ ಅಂತ ಗೊತ್ತು. ದಯವಿಟ್ಟು ಮಾಡಿ. ಒಂದು ಬ್ಲಾಂಕ್ ಜೊತೆಗಿಟ್ಟುಕೊಳ್ಳಿ, ಮನೆಗೆ ಫೋನ್ ಮಾಡೋದನ್ನ ಒಂದು ದಿನ ತಡ ಮಾಡಿ. ನಮ್ಮ ಮನೆಗಳಲ್ಲಿ ನಾವು ಹೇಳಿದ್ದನ್ನ ಯಾರೂ ಎರಡನೇ ಸಲ ಪರೀಕ್ಷೆ ಮಾಡಲ್ಲ. ಮಾತು ಕೇಳಿದ ಕೂಡಲೇ ಕೊಡ ಎತ್ತಿಕೊಂಡು ಹೊರಡ್ತಾರೆ.

ಮೊನ್ನೆ ಯಾಡಿಗೆ ಫೋನ್ ಮಾಡಿದ್ದೆ. ಮಳೆ ಬಿದ್ದಿದೆ, ಬಿತ್ತನೆ ಮುಗೀತು ಅಂದಳು. ಕಾಕಾನ ಹೆಂಡತಿ ಹಿಂದೆ ಏನೋ ಹೇಳ್ತಿದ್ದಳು, ಇಬ್ಬರೂ ನಗ್ತಿದ್ದರು. ಇಡೋ ಮುಂಚೆ ಯಾಡಿ ಕೇಳಿದಳು: "ಬರುವಾಗ ಆ ಸಾಕ್ಷಿ ಬಾಟಲಿ ತರ್ತೀಯಾ, ಇಲ್ಲ ನಾನೇ ಒಂದು ತೊಳೆದಿಡಲಾ? ಈ ಸಲ ಪುಡಿ ಹಾಕಲ್ಲ ಮಗಾ."